ಮರುಭೂಮಿಯ ಪೊದೆಯೂ ಕುರಿಯ ಮೇವೂ

ರಾಜಸ್ಥಾನದ ಮಾರವಾಡ ಪ್ರಾಂತದಲ್ಲಿ ಹುಲ್ಲು ಒಣಗಿಹೋದ ಮೇಲೆ ಕುರಿಗಳ ಪ್ರಾಣವನ್ನುಳಿಸುವುದು ಒಂದು ಮುಳ್ಳುಪೊದೆ. ಅಲ್ಲಿಯವರು ಬೋರಡಿಯೆಂದು ಕರೆಯುವ ಇದು, ನಾವು ಬಲ್ಲ ಎಲಚಿಗಿಡದ ಬಳಗಕ್ಕೆ ಸೇರಿದುದು. ಇದರ ಬೇರು ಬಹಳ ಆಳಕ್ಕಿಳಿಯುವುದರಿಂದ, ಮಳೆ ತಪ್ಪಿದ ವರ್ಷದಲ್ಲಿಯೂ ಎಲೆ ದೊರೆಯುವುದುಂಟು. ಮಳೆಗಾಲ ಕಳೆದೊಡನೆ ರೈತರು ಪೊದೆಯನ್ನು ಕಡಿದು ಒಣಗಿಸಿ, ಕೋಲಿನಿಂದ ಬಡಿದು, ಉದುರಿದ ಎಲೆಯನ್ನು ಕೂಡಿಡುವರು. ಇದೇ ‘ಪಾಲಾ’.

ಈ ಒಣ ಎಲೆಯಲ್ಲಿ ಪ್ರೋಟೀನು ನೂರಕ್ಕೆ ಸುಮಾರು 12 ಭಾಗವಿರುವುದು. ಬರಿಯ ಒಣಹುಲ್ಲಿನಲ್ಲಿ ಇಷ್ಟಿರದು. ಆದರೆ ಎಲೆಯ ಒಗರಿಗೆ ಕಾರಣವಾದ ಟ್ಯಾನಿನ್ನು ಆ ಸತ್ತ್ವವನ್ನು ಕಟ್ಟಿಹಾಕಿ, ಜೀರ್ಣಕ್ಕೆ ಅಡ್ಡಿಮಾಡುವುದು. ಆದುದರಿಂದ ಪಾಲಾವನ್ನು ಇತರ ಮೇವಿನೊಡನೆ ಬೆರಸಿ ಕೊಡುವುದು ಲೇಸು.

ಕಡಿದ ಬುಡ ಮತ್ತೆ ಚಿಗುರುವುದು. ಟ್ರ್ಯಾಕ್ಟರಿನ ನೇಗಿಲು ಬೇರನ್ನೇ ಕಿತ್ತರೆ ಮುಂದಿನ ಬರಕ್ಕೆ ಮೇವೂ ಇಲ್ಲ, ಹಾರುವ ಮರಳಿಗೆ ತಡೆಯೂ ಇಲ್ಲ. ಉತ್ತ ಹೊಲದ ಲಾಭವನ್ನೆಣಿಸುವಾಗ ನಾವು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.