ಹೆಡ್‌ಮಾಸ್ತರರ ಮಗ, ಹೆಡ್‌ಮಾಸ್ತರರ ಶಿಷ್ಯ!

1887. ರಷ್ಯದ ವೋಲ್ಗಾ ನದಿ ದಂಡೆಯ ಸಿಂಬಿರ್ಸ್ಕ್ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಒಬ್ಬ ಹದಿನೇಳರ ಹುಡುಗ. ಎಲ್ಲ ವಿಷಯದಲ್ಲೂ ಐದಕ್ಕೆ ಐದು. ತರ್ಕಶಾಸ್ತ್ರದಲ್ಲಿ ಮಾತ್ರ ನಾಲ್ಕು! ಚಿನ್ನದ ಪದಕ ಅವನಿಗೇ.

ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಅವನ ಅಣ್ಣನಿಗೆ ಗಲ್ಲಾಗಿತ್ತು. ಚಕ್ರವರ್ತಿಯನ್ನೇ ಕೊಲ್ಲಲು ಸಂಚು! ಅಂಥ ಮನೆಯ ಹುಡುಗನಿಗೆ ಸೀಟು ಕೊಡುವವರು ಯಾರು?

ಹೆಡ್‌ಮಾಸ್ತರ್ ಫ್ಯೋದರ್ ಕೆರೆನ್ಸ್ಕಿ ಕೈಬಿಡಲಿಲ್ಲ. ಹುಡುಗ ಪ್ರತಿಭಾವಂತ, ಶ್ರಮಜೀವಿ, ಯಾರೊಡನೆಯೂ ಅಷ್ಟಾಗಿ ಬೆರೆಯುವುದಿಲ್ಲ ಎಂದು ಶಿಫಾರಸು ಬರೆದುಕೊಟ್ಟರು. ಕಜಾನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು!

ಯಾರು ಆ ಹುಡುಗ? ಊಹಿಸಿ ನೋಡೋಣ. ವ್ಲಾದಿಮಿರ್ ಉಲ್ಯಾನೊವ್. ಅಂದರೆ ಲೆನಿನ್!

ತಾಳಿ, ಅಸಲು ಕಥೆ ಈಗ ಶುರು. ಆಗ ಹೆಡ್‌ಮಾಸ್ತರರ ಮನೆಯಲ್ಲಿ ಆರು ವರ್ಷದ ಮಗನಿದ್ದ. ಅಲೆಕ್ಸಾಂಡರ್ ಕೆರೆನ್ಸ್ಕಿ. ಅವನು ಮುಂದೆ ಓದಿದ್ದೇನು? ಕಾನೂನು! ಎಲ್ಲಿ? ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಲೆನಿನ್ ಖಾಸಗಿಯಾಗಿ ಕಾನೂನು ಪರೀಕ್ಷೆ ಕಟ್ಟಿ ಪಾಸಾದದ್ದೂ ಅದೇ ವಿಶ್ವವಿದ್ಯಾಲಯದಲ್ಲಿ! ಇಬ್ಬರೂ ವಕೀಲರು!

ಕೆರೆನ್ಸ್ಕಿ ಕೋರ್ಟಿನಲ್ಲಿ ನಿಂತದ್ದು ರಾಜಕೀಯ ಕೈದಿಗಳ ಪರ. 1912ರಲ್ಲಿ ಸೈಬೀರಿಯಾದ ಲೇನಾ ಚಿನ್ನದ ಗಣಿಯಲ್ಲಿ ಮುಷ್ಕರ ಹೂಡಿದ ಕೂಲಿಗಳ ಮೇಲೆ ಸೈನಿಕರು ಗುಂಡು ಹಾರಿಸಿದರು. ತನಿಖೆಗೆ ಅಷ್ಟು ದೂರ ಹೊರಟೇಬಿಟ್ಟ ಈ ಯುವ ವಕೀಲ! ಅದೇ ವರ್ಷ ಸಂಸತ್ತಿಗೂ ಆಯ್ಕೆಯಾದ.

ಇನ್ನು 1917. ಉಸಿರು ಬಿಗಿಹಿಡಿಯಿರಿ! ಮಾರ್ಚ್‌ನಲ್ಲಿ ಚಕ್ರವರ್ತಿ ಪದಚ್ಯುತನಾದ, ಕೆರೆನ್ಸ್ಕಿ ನ್ಯಾಯ ಮಂತ್ರಿಯಾದ. ಮೇನಲ್ಲಿ ಯುದ್ಧ ಮಂತ್ರಿ. ಜುಲೈನಲ್ಲಿ ಪ್ರಧಾನ ಮಂತ್ರಿ! ವಯಸ್ಸೆಷ್ಟು ಗೊತ್ತೇ? ಬರೀ 36! ಪದಚ್ಯುತ ಚಕ್ರವರ್ತಿಯ ಕುಟುಂಬವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವನೂ ಇವನೇ. ಅರಮನೆಯಲ್ಲಿ ವಾಸವೂ ಇವನದೇ!

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯೇ ಇದೆ. ನ್ಯಾಯ ಮಂತ್ರಿಯಾಗಿ ಈತ ಮರಣದಂಡನೆಯನ್ನೇ ರದ್ದು ಮಾಡಿದ್ದ. ಎಂಥ ಕೆಲಸ! ಪ್ರಧಾನಿಯಾದ ಕೆಲವೇ ದಿನಗಳಲ್ಲಿ ರಣರಂಗದ ಸೈನಿಕರಿಗೆ ಅದೇ ಶಿಕ್ಷೆ ಮರಳಿ ಬಂತು. ಮೊದಲ ಮಹಾಯುದ್ಧ ಬಿಡಲೊಲ್ಲೆನೆಂದ ಹಟವೇ ಈ ವಕೀಲನನ್ನು ಮುಳುಗಿಸಿತು ಎನ್ನುತ್ತೇನೆ ನಾನು.

ಪ್ರಧಾನಿ ಪಟ್ಟಕ್ಕೆ ನಾಲ್ಕು ತಿಂಗಳೂ ತುಂಬಲಿಲ್ಲ. ನವೆಂಬರ್ 7. ಸೇನೆಯ ನೆರವು ಹುಡುಕುತ್ತ ಕೆರೆನ್ಸ್ಕಿ ಕಾರಿನಲ್ಲಿ ರಾಜಧಾನಿ ದಾಟಿದ. ರಾತ್ರಿಯೊಳಗೆ ಅಧಿಕಾರ ಕೈತಪ್ಪಿತ್ತು. ಕಿತ್ತುಕೊಂಡವರ ನಾಯಕ? ಅಪ್ಪನ ಚಿನ್ನದ ಪದಕದ ಶಿಷ್ಯ!

ಆಗಿನ್ನೂ ಬದುಕಿನ ಅರ್ಧವೂ ಮುಗಿದಿರಲಿಲ್ಲ! ಪ್ಯಾರಿಸ್, ಆಮೇಲೆ ಅಮೆರಿಕ. ಲೆನಿನ್ 1924ರಲ್ಲೇ ತೀರಿಕೊಂಡರೆ, ಕೆರೆನ್ಸ್ಕಿ ಕಣ್ಣುಮುಚ್ಚಿದ್ದು 1970ರಲ್ಲಿ, ನ್ಯೂಯಾರ್ಕ್‌ನಲ್ಲಿ, 89ನೇ ವಯಸ್ಸಿಗೆ. ಅದು ಲೆನಿನ್ ಜನ್ಮಶತಾಬ್ದಿಯ ವರ್ಷ! ಅಲ್ಲಿನ ರಷ್ಯನ್ ಚರ್ಚುಗಳು ಅಂತ್ಯಕ್ರಿಯೆಗೆ ಒಪ್ಪಲಿಲ್ಲ. ದೇಹವನ್ನು ಸಾಗರ ದಾಟಿಸಿ ಲಂಡನ್ನಿನಲ್ಲಿ ಮಣ್ಣು ಮಾಡಬೇಕಾಯಿತು!