ಬಲಗಡೆಯ ಅಚ್ಚಿಗೆ ಎಡಗಡೆಯ ಆನೆ ಹುಟ್ಟದು!

ಸಾಗರ: ಹೊಸನಗರದ ಬಸ್ಸಿನಿಂದ ಇಳಿದ ಹಿರಿಯರೊಬ್ಬರ ಕೈಯಲ್ಲಿ ಹಳೇ ಪೇಪರಿನ ಪೊಟ್ಟಣ. ಒಳಗೆ ಹೆಬ್ಬೆರಳುದ್ದದ ಮರದ ಆನೆ. ಮನೆಯ ದೇವರ ಮಂಟಪದ ಮೆಟ್ಟಿಲ ಬಲಕ್ಕೆ ನಿಂತು, ಸೊಂಡಿಲನ್ನು ಮೆಟ್ಟಿಲ ಕಡೆ ಬಾಗಿಸಿದ್ದ ಆನೆ. ಅದರ ಎಡಗಡೆಯ ಜೋಡಿ ಮೊಮ್ಮಕ್ಕಳ ಕೈಗೆ ಸಿಕ್ಕಿ ಮುರಿದು ಒಲೆ ಸೇರಿತಂತೆ.

ಮೊದಲು ಹೋದದ್ದು ಫ್ಯಾನ್ಸಿ ಅಂಗಡಿಗೆ. ಅಂಗಡಿಯವರು ಹೆಚ್ಚುಕಮ್ಮಿ ಅದೇ ಅಳತೆಯ ಅಚ್ಚಿನ ಆನೆ ಕೊಟ್ಟರು. ಜೋಡಿಸಿ ನೋಡಿದರೆ ಎರಡರ ಸೊಂಡಿಲೂ ಒಂದೇ ಕಡೆ! ಒಂದು ಮೆಟ್ಟಿಲಿಗೆ ನಮಸ್ಕಾರ ಮಾಡುತ್ತದೆ, ಇನ್ನೊಂದು ಗೋಡೆಗೆ.

"ಇನ್ನೊಂದು ಕಡೆಯದು ಇಲ್ವಾ ಮಾರಾಯ್ರೆ?"

"ಬರೋದೇ ಇದು, ಏನ್ ಮಾಡೋಣ ಹೇಳಿ."

ಅಂಗಡಿಯವರದ್ದು ತಪ್ಪಲ್ಲ. ಅಚ್ಚಿನ ಗುಣವೇ ಅದು. ಮೂಲ ಬೊಂಬೆಯ ಮೇಲೆ ರಬ್ಬರಿನ ದ್ರವ ಸುರಿದು ಅಚ್ಚು ತೆಗೆದು, ಅದರಲ್ಲಿ ರಾಳ ಎರೆದರೆ ನೂರು ಆನೆ ಬರುತ್ತವೆ. ಮೂಲದ ಕೂದಲೆಳೆಯ ಗೀರೂ ಬರುತ್ತದೆ, ಮೂಲದ ತಪ್ಪೂ ಬರುತ್ತದೆ. ಆದರೆ ನೂರೂ ಬಲಗಡೆಯವೇ. ಎಡಗಡೆಯದು ಬೇಕಾದರೆ ಮೊದಲು ಯಾರಾದರೂ ಒಂದು ಎಡಗಡೆಯ ಆನೆ ಕೆತ್ತಲೇಬೇಕು.

ಗುಡಿಗಾರರ ಲೆಕ್ಕ

ಆ ಕೆಲಸಕ್ಕೆ ಸಾಗರಕ್ಕಿಂತ ಒಳ್ಳೆಯ ಊರು ಯಾವುದಿದೆ? ಇಲ್ಲಿನ ಮತ್ತು ಸೊರಬದ ಗುಡಿಗಾರರ ಕೆತ್ತನೆಯನ್ನು ನೂರು ವರ್ಷಕ್ಕೂ ಹಿಂದಿನ ಇಂಗ್ಲಿಷ್ ಗ್ರಂಥಗಳೇ ಹೊಗಳಿವೆ. ನಯ ಮಾಡಿದ ಮರದ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಚಿತ್ರ ಬರೆದು, ಸಣ್ಣ ಉಳಿಯಿಂದ ಗೆರೆ ಕೊರೆದು, ಆಮೇಲೆ ಕಾಗದ ತೆಗೆದು ಕೆತ್ತುತ್ತಾರೆ ಎಂದು ಆಗಲೇ ಬರೆದಿಟ್ಟಿದ್ದಾರೆ.

ಒಂದಡಿ ಎತ್ತರದ ಮಂಟಪ ಅಂದರೆ ಸಣ್ಣ ದೇವಸ್ಥಾನವೇ. ಒಂದೇ ಥರದ ಕಂಬಗಳು, ಎದುರುಬದುರು ದ್ವಾರಪಾಲಕರು, ಗಿಳಿ, ನವಿಲು, ಆನೆ. ಕಂಬ ಹದಿನಾರಿದ್ದರೆ ಹದಿನಾರನ್ನೂ ಸಾಲಾಗಿ ಇಟ್ಟು, ಮೂಲೆಮಟ್ಟ ಹಿಡಿದು ಒಟ್ಟಿಗೇ ಗುರುತು ಎಳೆಯಬೇಕು. ಎರಡನೆಯದನ್ನು ನೋಡಿ ಮೂರನೆಯದು, ಮೂರನೆಯದನ್ನು ನೋಡಿ ನಾಲ್ಕನೆಯದು ಮಾಡಿದರೆ ಕೆಟ್ಟಿತು. ಒಂದೊಂದರಲ್ಲಿ ಕೂದಲೆಳೆ ತಪ್ಪಿದರೂ ಹದಿನಾರನೆಯದಕ್ಕೆ ಮಂಟಪದ ಚಾವಣಿ ಓರೆ. ಪ್ರತಿ ಸಲವೂ ಮೊದಲನೆಯದನ್ನೇ ಅಳೆಯಬೇಕು.

ಅಳತೆಯ ಶಿಸ್ತು ಈ ಸೀಮೆಗೆ ಹೊಸದೂ ಅಲ್ಲ. ಇಕ್ಕೇರಿ ದೇವಸ್ಥಾನದ ಕಂಬಗಳ ನಡುವಿನ ಅಂತರವೇ ಒಂದು ಕಾಲದಲ್ಲಿ ಅಡಿಕೆ ತೋಟದ ಅಳತೆಗೋಲಾಗಿತ್ತು ಎಂದು ಹಳೇ ಗೆಜೆಟಿಯರ್ ಹೇಳುತ್ತದೆ.

ಕಾಗದ ಮಗುಚಬಹುದು, ಕೈ?

ಜೋಡಿ ಮಾಡುವ ಉಪಾಯ ಕೇಳಲಿಕ್ಕೆ ಸುಲಭ. ತೆಳು ಕಾಗದದಲ್ಲಿ ಬಲಗಡೆಯ ಆನೆ ಬರೆದು ಮಗುಚಿ ಹಾಕಿದರೆ ಎಡಗಡೆಯ ಆನೆ. ಕೈವಾರದಿಂದ ಕಣ್ಣು, ಕಿವಿ, ಸೊಂಡಿಲ ತುದಿ ಅಳೆದು ದಾಟಿಸುವುದು. ಮುಗಿದ ಮೇಲೆ ಮೂಲ ಆನೆಯನ್ನು ಕನ್ನಡಿಗೆ ಹಿಡಿದು, ಕನ್ನಡಿಯೊಳಗಿನದಕ್ಕೂ ಹೊಸದಕ್ಕೂ ತಾಳೆ ನೋಡುವುದು.

ಕಷ್ಟ ಇರುವುದು ಕೈಯಲ್ಲಿ. ಬಲಗೈಗೆ ಒಂದು ಕಡೆ ತಿರುಗಿಸುವುದು ರೂಢಿಯಾಗಿರುತ್ತದೆ, ಎಡಗಡೆಯ ಬೊಂಬೆಗೆ ಅದೇ ತಿರುವು ಉಲ್ಟಾ. ಮರದ ನಾರು ಓರೆಯಾಗಿದ್ದರೆ ಇನ್ನೂ ಫಜೀತಿ, ಉಳಿ ಎದುರು ನಾರಿಗೆ ಸಿಕ್ಕಿ ಚಕ್ಕೆ ಏಳುತ್ತದೆ. ಹಾಗಾಗಿ ಬಲ್ಲವರು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಎರಡನ್ನೂ ಮುಂದಿಟ್ಟುಕೊಂಡು ಅಲ್ಲೊಂದು ಪೆಟ್ಟು, ಇಲ್ಲೊಂದು ಪೆಟ್ಟು. ತೀರ್ಥಹಳ್ಳಿ, ಹೊಸನಗರದ ಕಡೆ ಯಕ್ಷಗಾನ ನೋಡಿದವರು ವೇಷದ ಎರಡು ಭುಜಕೀರ್ತಿ ನೆನಪು ಮಾಡಿಕೊಳ್ಳಲಿ. ಅದೂ ಇದೇ ಲೆಕ್ಕ.

ಮರವೂ ಇಲ್ಲ, ಮಕ್ಕಳೂ ಇಲ್ಲ

ವಿದ್ಯೆ ಇದೆ, ಉಳಿಸುವವರು ಬೇಕಲ್ಲ! ದಂತದ ಕೆಲಸ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986 ಮತ್ತು 1991ರ ತಿದ್ದುಪಡಿಗಳೊಂದಿಗೆ ಮುಗಿಯಿತು. ಆನೆಗೆ ಒಳ್ಳೆಯದೇ ಆಯಿತು, ಅದಕ್ಕೆ ತಕರಾರಿಲ್ಲ. ಶ್ರೀಗಂಧದ ಮರ ಜಮೀನಿನ ಮಾಲೀಕರದ್ದು ಎಂದು ಕಾನೂನು ಬದಲಾದದ್ದು 2001ರಲ್ಲಿ. ಆದರೆ ಗಂಧದ ಚೇಗು ಬಲಿಯಲಿಕ್ಕೆ ವರ್ಷಗಟ್ಟಲೆ ಬೇಕು, ಅಷ್ಟರೊಳಗೆ ಕಳ್ಳರ ಕಣ್ಣು. ಹಾಗಾಗಿ ಶಿವನೆ ಮರವೇ ಗತಿ. ಈಗ ಕಂಪ್ಯೂಟರ್ ಯಂತ್ರ ಬೇರೆ ಬಂದಿದೆ. ಬಲಗಡೆಯ ಆನೆಯ ಲೆಕ್ಕ ಕೊಟ್ಟರೆ ಒಂದು ಗುಂಡಿಗೆ ಎಡಗಡೆಯದಾಗಿ ಮಗುಚುತ್ತದೆ, ಮರವನ್ನೂ ಕೊರೆಯುತ್ತದೆ. ಸೊಂಡಿಲ ಒಳಮೈ, ಕಿವಿಯ ಹಿಂಬದಿ ಬಿಡಿಸುವುದಕ್ಕೆ ಮಾತ್ರ ಇವತ್ತಿಗೂ ಕೈಯೇ ಬೇಕು. ಆ ಕೈಗೆ ಸಿಗುವ ಕೂಲಿ ನೋಡಿ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರೆ ಅವರನ್ನು ಬೈಯುವುದು ಹೇಗೆ?

ಅಂಗಡಿಕಾರರಿಗೆ ಒಂದು ಮಾತು. ಅಚ್ಚಿನದನ್ನು ಅಚ್ಚಿನದು ಅಂತಲೇ ಮಾರಿ, ಕೊಳ್ಳುವವರು ಕೊಳ್ಳುತ್ತಾರೆ. ಅದಕ್ಕೆ ಗಂಧದೆಣ್ಣೆ ಸವರಿ ಗಂಧದ ಕೆತ್ತನೆ ಅನ್ನುವುದು ಬೇಡ. ಗಿರಾಕಿಗಳೂ ಅಷ್ಟೇ, ಬೊಂಬೆ ಮಗುಚಿ ನೋಡಿ. ಅಚ್ಚು ಕೂಡಿದ ಗೆರೆ, ಗಾಳಿಗುಳ್ಳೆಯ ತೂತು ಕಂಡರೆ ಅದು ಉಳಿಯ ಕೆಲಸವಲ್ಲ.

ಅಂದಹಾಗೆ, ಹೊಸನಗರದ ಯಜಮಾನರಿಗೆ ಕೊನೆಗೂ ಕೆತ್ತನೆಯವರೊಬ್ಬರು ಶಿವನೆ ಮರದಲ್ಲಿ ಎಡಗಡೆಯ ಆನೆ ಮಾಡಿಕೊಟ್ಟರು. ಬಣ್ಣ ತುಸು ಬಿಳಿ. ದೀಪದ ಹೊಗೆ ತಾಗಿ ತಾಗಿ ಸರಿಹೋಗುತ್ತದೆ ಎಂದರಂತೆ. ಯಜಮಾನರು ಎರಡೂ ಆನೆಗಳನ್ನು ಒಂದೇ ಪೊಟ್ಟಣದಲ್ಲಿ ಸುತ್ತಿ, ಸಂಜೆ ಬಸ್ಸಿನ ಕಿಟಕಿ ಪಕ್ಕ ಕೂತರು. ಪೊಟ್ಟಣ ಮಾತ್ರ ತೊಡೆ ಬಿಟ್ಟು ಇಳಿಯಲಿಲ್ಲ.