ಉಸಿರು ಹೋಗಿ ಶ್ರುತಿ ಬಂತು

ಔರಾದಿನಿಂದ ಸಂತಪುರ ಹಾದು ಬೀದರಿಗೆ ಬರುವ ಬಸ್ಸಿನಲ್ಲಿ ಕಿವಿಗೆ ಬಿಡುವೇ ಇಲ್ಲ. ಹಿಂದಿನ ಸೀಟಿನಲ್ಲಿ ಮರಾಠಿ, ಬಾಗಿಲ ಬಳಿ ದಖನಿ, ತಾಂಡಾದ ಹೆಂಗಸರ ಲಂಬಾಣಿ. ನಡುವೆ ಕಂಡಕ್ಟರನ ‘ಎಲ್ಲಿಗ್ರಿ?’

ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಇನ್ನೊಂದು ಭಾಷೆ, ಪಂಜಾಬಿ. ಜಂಬಿಟ್ಟಿಗೆ ಗುಡ್ಡದ ಬಿರುಕಿನಿಂದ ತಿಳಿನೀರು ಒಸರುತ್ತದೆ. ತಲೆಗೆ ವಸ್ತ್ರ ಸುತ್ತಿದ ಯಾತ್ರಿಕರು ಬೊಗಸೆಯೊಡ್ಡಿ ಕುಡಿಯುತ್ತಾರೆ. ಲಂಗರಿನ, ಅಂದರೆ ಸಾಮೂಹಿಕ ಊಟದ, ಸಾಲಿನಲ್ಲಿ ರೊಟ್ಟಿ ಹಂಚುವವರು ಒಬ್ಬರನ್ನೊಬ್ಬರು ಕೂಗುವ ‘ಭಾಯಿ’ ನಮ್ಮ ಕಿವಿಗೆ ‘ಪಾಈ’ ಎಂದೇ ಬೀಳುತ್ತದೆ. ಆದರೆ ಗಮನವಿಟ್ಟು ಕೇಳಿ: ದನಿ ಮೊದಲು ತಗ್ಗಿ, ಆಮೇಲೆ ಮೆಲ್ಲಗೆ ಏರುತ್ತದೆ. 1699ರಲ್ಲಿ ಆನಂದಪುರದಲ್ಲಿ ಸಿಖ್ ಗುರುವಿನ ಕರೆಗೆ ಎದ್ದುನಿಂತ ‘ಪಂಚ ಪ್ಯಾರೆ’ ಎಂಬ ಐವರು ಪ್ರಿಯರಲ್ಲಿ ಒಬ್ಬರು ಬೀದರಿನ ಭಾಯಿ ಸಾಹಿಬ್ ಸಿಂಗ್. ಅವರ ಹೆಸರನ್ನೂ ಪಂಜಾಬಿಗಳು ಇದೇ ತಗ್ಗಿನಿಂದ ಎತ್ತಿಕೊಳ್ಳುತ್ತಾರೆ.

ಘ, ಧ, ಭಗಳ ಉಸಿರನ್ನು ಪಂಜಾಬಿ ಬಿಟ್ಟುಕೊಟ್ಟಿತು. ಆ ಜಾಗದಲ್ಲಿ ಶ್ರುತಿಯನ್ನು ತಂದು ಕೂರಿಸಿತು. ‘ಕೋಡಾ’ ಸಮದನಿಯಲ್ಲಿ ಚಾವಟಿ, ತಗ್ಗುದನಿಯಲ್ಲಿ ಕುದುರೆ, ಎತ್ತರದ ದನಿಯಲ್ಲಿ ಕುಷ್ಠರೋಗಿ. ಗುರುಮುಖಿ ಬರಹದಲ್ಲಿ ಮಾತ್ರ ಕುದುರೆಗೆ ಹಳೆಯ ‘ಘ’ ಉಳಿದಿದೆ.

ಮಧ್ಯ ಆಫ್ರಿಕಾದ ಎಷ್ಟೋ ಭಾಷೆಗಳ ಜೀವವೇ ಈ ಏರಿಳಿತ. ಸಾಂಗೋ ಭಾಷೆಯಲ್ಲಿ ದನಿಗೆ ಮೂರು ಮಟ್ಟ. ಲಿಂಗಾಲದ ‘ಮೊತೊ’ ತಗ್ಗಿನಲ್ಲೇ ನಡೆದರೆ ಮನುಷ್ಯ, ಕೊನೆಯ ಅಕ್ಷರ ಮೇಲೇರಿದರೆ ತಲೆ. ಕಾಂಗೋ ನದಿಯ ಲೊಕೆಲೆ ಜನರಂತೂ ಮರದ ದಿಮ್ಮಿ ಕೊರೆದ ನಗಾರಿಯಲ್ಲಿ ತಗ್ಗು, ಎತ್ತರ ಎರಡೇ ನಾದ ಹೊರಡಿಸಿ ದೂರದ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಒಂದೇ ಏರಿಳಿತದ ಪದಗಳು ಹಲವಿರುವುದರಿಂದ ಒಂದು ಪದಕ್ಕೆ ಒಂದು ಉದ್ದನೆಯ ನುಡಿಗಟ್ಟನ್ನೇ ಬಾರಿಸಬೇಕಿತ್ತು. ಮಿಷನರಿ ಜಾನ್ ಕ್ಯಾರಿಂಗ್ಟನ್ ಅದನ್ನು ಕಲಿತು, 1949ರಲ್ಲಿ ಪುಸ್ತಕವಾಗಿ ಬರೆದರು.

ಮತ್ತೆ ಬೀದರಿನ ಕಡೆ ಬಂದರೆ, ಇಲ್ಲಿಯ ಭಾಲ್ಕಿ ಊರಿನ ಹೆಸರನ್ನೇ ನೋಡಿ. ಮರಾಠಿಯವರು ‘ಭಾ’ಗೆ ತುಂಬು ಉಸಿರು ಕೊಡುತ್ತಾರೆ. ಕನ್ನಡದ ರೈತ ‘ಬಾಲ್ಕಿ’ ಎಂದು ಹಗುರಾಗಿ ದಾಟುತ್ತಾನೆ. ಅದು ತಪ್ಪೆಂದು ಮಕ್ಕಳನ್ನು ಗದರುವುದು ನನಗೆ ಸರಿಕಾಣದು. ಪಂಜಾಬಿ ನಾಲಗೆಗೆ ಇದೇ ಊರು ‘ಪಾಲ್ಕಿ’. ಗುರುಗ್ರಂಥ ಸಾಹಿಬ್ ವಿರಾಜಿಸುವ ಪೀಠದ ಹೆಸರೂ ‘ಪಾಲ್ಕಿ’ಯೇ. ಊರಿಗಾದರೆ ದನಿ ತಗ್ಗುತ್ತದೆ, ಪೀಠಕ್ಕಾದರೆ ಸಮನಾಗಿ ನಿಲ್ಲುತ್ತದೆ.